ಕಾಶೆವ್ವನ ಫೋಟೋ ತೂಗಿದ್ದ ಗೋಡೆ

ಸೋಮವಾರ ಬೆಳಿಗ್ಗೆ ಕುಲಗೋಡದ ಇಂದ್ರವ್ವ ಠಾಣೆಗೆ ಬಂದು, ಕೂರು ಎಂದರೂ ಕೂರದೆ ದೂರು ಹೇಳಿದಳು. ಮೂಕಿ ಸಿನಿಮಾದ ನಟಿಯಾಗಿದ್ದ ಅಜ್ಜಿ ಕಾಶೆವ್ವನ ಫೋಟೋ ಕಳುವಾಗಿತ್ತು. ಭಾನುವಾರ ಗೋಕಾಕದಲ್ಲಿ ಅಜ್ಜಿಯ ಹೆಸರಿನ ಫಲಕ ಹಾಕುವವರಿದ್ದರು. ಅವಳು ಯಾವ ಊರಿನವಳು, ಮೊದಲು ಯಾವ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದಳು ಎಂದು ಫಲಕದ ಸಮಿತಿ ಪುರಾವೆ ಕೇಳಿತ್ತು. ಇಂದ್ರವ್ವನ ಬಳಿ ಇದ್ದ ಪುರಾವೆ ಆ ಫೋಟೋ ಒಂದೇ.

"ಸಮಿತಿಯಾಂವ ಅಂತ ಒಬ್ಬ ಬಂದಿದ್ದರಿ. ಚಾ ತರೂದ್ರಾಗ ಫೋಟೋನೂ ಇಲ್ಲ, ಅಂವನೂ ಇಲ್ಲ. ನಮ್ಮ ಕೇರಿಯಾಕಿ ಅಂತ ಫಲಕದ ಮ್ಯಾಲ ಬರಬೇಕ್ರಿ ಮೇಡಮ್ರ. ಇನ್ನ ಯಾರು ನಂಬ್ತಾರ?"

ಪಿಎಸ್‌ಐ ಸುಜಾತಾ ಎಫ್‌ಐಆರ್ ದಾಖಲಿಸಿ, ಇಂದ್ರವ್ವನ ಮನೆಯಲ್ಲಿ ಪಂಚನಾಮೆ ಮಾಡಿದಳು. ಒಲೆಯ ಹೊಗೆಗೆ ಕಪ್ಪಾದ ಗೋಡೆಯಲ್ಲಿ ಫೋಟೋ ಇದ್ದ ಜಾಗವಷ್ಟೇ ಬೆಳ್ಳಗಿತ್ತು. ಹೆಡ್ ಕಾನ್‌ಸ್ಟೆಬಲ್ ಈಶ್ವರ ಅಳತೆ ತೆಗೆದ.

ಆಮೇಲೆ ಕಾಶೆವ್ವನ ಬಗ್ಗೆ ಊರೂರು ವಿಚಾರಿಸಿದರೆ ಬರೀ ತಲೆನೋವು. ಕಾಶೆವ್ವ ತನ್ನ ಕಾಕಾನ ಕಂಪನಿಯಲ್ಲೇ ಬೆಳೆದವಳೆಂದ ಮಮದಾಪುರದ ಮುದುಕ ಅಪ್ಪಣ್ಣ.

"ಸಿನಿಮಾದಾಗ ಏನ್ ಹಾಡಿದ್ಲಂತೀರಿ! ಟೆಂಟಿನ ಹೊರಗೂ ಕೇಳತಿತ್ತು."

"ಮೂಕಿ ಸಿನಿಮಾಕ್ಕ ದನಿ ಇರ್ತಿರಲಿಲ್ಲ ಅಜ್ಜಾ," ಎಂದಳು ಸುಜಾತಾ.

"ಅದಕ್ಕರಿ ಅಷ್ಟು ಜೋರ್ ಹಾಡಿದ್ಲು!"

ಈಶ್ವರ ಮುಖ ತಿರುಗಿಸಿ ಜೀಪಿನ ಟೈರು ನೋಡತೊಡಗಿದ. ಸುಜಾತಾಗೆ ನಗು ಬರಲಿಲ್ಲ. ಕಲ್ಲೋಳಿಯವರು ಇನ್ನೊಂದು ಕಂಪನಿ ಹೇಳಿದರು, ಗೋಕಾಕದವರು ಮತ್ತೊಂದು.

ಗುರುವಾರ ಸಮಿತಿಯವರೇ ಫೋನು ಮಾಡಿದರು. ಹುಕ್ಕೇರಿಯ ಟೇಲರ್ ಮಲ್ಲೇಶ, ಕಾಶೆವ್ವ ತನ್ನ ಅಜ್ಜಿ ಎಂದು ಫೋಟೋ ತೋರಿಸುತ್ತಿದ್ದಾನಂತೆ. ಸುಜಾತಾ ಕೂಡಲೇ ಹೊರಟಳು. ಮಲ್ಲೇಶನ ಅಡಿಗೆಮನೆಯ ಗೋಡೆಯಲ್ಲಿ ಫೋಟೋ ಇತ್ತು, ಗಾಜಿಗೆ ವಿಭೂತಿ ಹಚ್ಚಿತ್ತು.

"ಎಂದಿನಿಂದ ಐತಿ ಇಲ್ಲೆ?"

"ನಾ ಹುಟ್ಟೂಕಿಂತ ಮೊದಲಿಂದ್ರಿ."

"ಗ್ವಾಡಿಗೆ ಸುಣ್ಣ ಯಾವಾಗ ಹಚ್ಚಿದ್ದು?"

"ಹತ್ತು ವರ್ಷಾತ್ರಿ."

ಸುಜಾತಾ ಫೋಟೋ ಇಳಿಸಿದಳು. ಹಿಂದಿನ ಗೋಡೆಯೂ ಸುತ್ತಲಿನಷ್ಟೇ ಕಪ್ಪಗಿತ್ತು.

"ಹತ್ತು ವರ್ಷದ ಹೊಗಿ ಫೋಟೋದ ಹಿಂದ ಹೆಂಗ ಹೊಕ್ಕಿತೋ?"

ಈಶ್ವರ ಚೌಕಟ್ಟಿಗೆ ಟೇಪು ಹಿಡಿದ. ಕುಲಗೋಡದ ಅಳತೆಯೇ. ಮಲ್ಲೇಶ ತಾನಾಗಿಯೇ ಜೀಪು ಹತ್ತಿದ.

ಠಾಣೆಯಲ್ಲಿ ಇಂದ್ರವ್ವ ಅವನ ಗುರುತು ಹಿಡಿದಳು. ಫೋಟೋ ಜಪ್ತಿಯಾಯಿತು, ಕೋರ್ಟಿನ ಅಪ್ಪಣೆ ಬರುವವರೆಗೆ ಅವಳಿಗೂ ಸಿಗುವಂತಿರಲಿಲ್ಲ. ಪಂಚನಾಮೆ ನೋಡಿದ ಸಮಿತಿಯವರು ಫಲಕಕ್ಕೆ ಕುಲಗೋಡದ ಹೆಸರು ಹಾಕಲು ಒಪ್ಪಿದರು. ಮೊದಲ ಕಂಪನಿ ಯಾವುದೆಂದು ಮಾತ್ರ ಕೊನೆಗೂ ಬಗೆಹರಿಯಲಿಲ್ಲ.

"ಯಾಕ ಕದ್ದಿ?" ಎಂದಳು ಸುಜಾತಾ.

"ನಮ್ಮವ್ವನೂ ನಾಟಕದಾಕಿ ಇದ್ಲರಿ. ಸತ್ತಾಗ ಹೆಗಲು ಕೊಡಾಕ ಒಬ್ಬರೂ ಬರಲಿಲ್ಲ. ಈಗ ನಾಟಕದಾಕಿಗೆ ಫಲಕ ಅಂತಾರ. ನಮ್ಮನಿಗೂ ಯಾರರೆ ಹಾರ ತರಲಿ ಅನಿಸ್ತರಿ."

ಇಂದ್ರವ್ವ ಬಾಗಿಲ ತನಕ ಹೋಗಿ ತಿರುಗಿದಳು. "ನಿಮ್ಮವ್ವನ ಹೆಸರೇನೋ?"

"ಶಂಕ್ರವ್ವ."

ಆ ಹೆಸರು ಬರೆಯಲು ಸುಜಾತಾ ಪೆನ್ನು ಎತ್ತಿದಳು. ಬಂಧನದ ಹಾಳೆಯಲ್ಲಿ ತಂದೆಯ ಹೆಸರಿಗಷ್ಟೇ ಜಾಗವಿತ್ತು.