ಫ್ಯೂಸಿನ ತುದಿಯ ಸ್ಟಿಕ್ಕರ್

ಬಲ್ಬು ಹತ್ತಲಿಲ್ಲ!

ಹಿರಿಯೂರಿನ ಆ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಪ್ರಾಂಶುಪಾಲರು, ಪರಿಶೀಲನೆಗೆ ಬಂದ ಅಧಿಕಾರಿಗಳು, ವಿದ್ಯಾರ್ಥಿಗಳು... ಎಲ್ಲರ ಕಣ್ಣೂ ಹೇಮಾವತಿಯ ಮೇಲೆ. ಹೊರಗೆ ಸೋಲಾರ್ ಪ್ಯಾನೆಲ್ಲಿನ ಮೇಲೆ ರಣಬಿಸಿಲು.

ವಿದ್ಯಾರ್ಥಿಗಳು ಕೈಯಾರೆ ಬಿಚ್ಚಿ, ಜೋಡಿಸಿ ಸೋಲಾರ್ ಕಲಿಯಲೆಂದು ಬಲ್ಬು, ಫ್ಯೂಸು, ವೈರು ಕೂರಿಸಿದ ಆ ಪ್ರಯೋಗದ ಮೇಜನ್ನು ಕಟ್ಟಿದವರು ಇಬ್ಬರು: ಉಪನ್ಯಾಸಕಿ ಹೇಮಾವತಿ, ಅತಿಥಿ ಉಪನ್ಯಾಸಕ ದುರುಗೇಶ್. ಮೇಜಿನಲ್ಲಿ ಒಬ್ಬರು ಬೇಕೆಂದೇ ಒಂದು ದೋಷ ಬಚ್ಚಿಡುವುದು, ಇನ್ನೊಬ್ಬರು ಮೀಟರ್ ಹಿಡಿದು ಹುಡುಕುವುದು... ಆ ಆಟದಲ್ಲೇ ಪ್ರೀತಿ ಬೆಳೆದಿತ್ತು.

'ಇವತ್ತೂ ಆಟವಾ ಇವನಿಗೆ?' ಅವಮಾನ ತಾಳದೆ ಅವಳು ಪ್ರಾಂಶುಪಾಲರತ್ತ ತಿರುಗಿದಳು.

"ಸರ್, ಇದು ದುರುಗೇಶ್ ಅವರ ಹುಡುಗಾಟ. ಬೇಕಂತಲೇ ಕೆಡಿಸಿಟ್ಟಿದ್ದಾರೆ!"

ದುರುಗೇಶ್ ಅವಳನ್ನೇ ನೋಡಿದ. ಕೈಯಲ್ಲಿದ್ದ ಮೀಟರನ್ನು ಮೇಜಿನ ಮೇಲಿಟ್ಟ.

ಕಾಲೇಜು ಅವನನ್ನು ಮತ್ತೆ ಕರೆಯಲಿಲ್ಲ. ಮೇಜು ಮೂಲೆ ಸೇರಿತು. ಇವಳೋ, ಒಂದು ಫೋನೂ ಮಾಡಲಿಲ್ಲ. ತಪ್ಪು ಅವನದು, ಅವನೇ ಮಾಡಲಿ ಎಂಬ ಬಿಗುಮಾನ!

ಮರುವರ್ಷ ಹೊಸ ವಿದ್ಯಾರ್ಥಿಗಳು ಮೇಜು ಬಿಚ್ಚಿದರು.

"ಮೇಡಂ, ಫ್ಯೂಸ್ ತುದೀಗೆ ಯಾರೋ ಹಣೆ ಸ್ಟಿಕ್ಕರ್ ಅಂಟ್ಸ್ಯಾರೆ! ಕರೆಂಟ್ ಹೆಂಗ್ ಬರ್ತೈತೆ?" ದಿವ್ಯಾ ಎಂಬ ವಿದ್ಯಾರ್ಥಿನಿ ನಕ್ಕಳು.

ಹೇಮಾವತಿ ಫ್ಯೂಸನ್ನು ಕೈಗೆ ತೆಗೆದುಕೊಂಡಳು. ಆ ಸ್ಟಿಕ್ಕರ್ ಅವಳದೇ... ಪರಿಶೀಲನೆಯ ಹಿಂದಿನ ಸಂಜೆ ದುರುಗೇಶ್ ಹುಡುಕಲೆಂದು ತಾನೇ ಅಂಟಿಸಿದ್ದು! ಅಷ್ಟರಲ್ಲಿ ಅವನು, "ನಾಳೆ ಒಂದು ಮುಗೀಲಿ, ನಿಮ್ಮನೇಗೆ ಬಂದು ಹೆಣ್ಣು ಕೇಳ್ತೀನಿ" ಎಂದಿದ್ದ. ಆ ಖುಷಿಯಲ್ಲಿ ಅವಳಿಗೆ ಸ್ಟಿಕ್ಕರ್ ಮರೆತೇಹೋಗಿತ್ತು.

ವಿಚಾರಿಸಿಕೊಂಡು ಅವಳು ಹೋದಾಗ, ಯಲ್ಲದಕೆರೆಯ ಹೊಲದಲ್ಲಿ ಅವನು ಸೋಲಾರ್ ಪಂಪು ಕೂರಿಸುತ್ತಿದ್ದ.

"ಬರ್ರಿ, ಮೇಡಂ."

ಮೇಡಂ! ಹೇಮಾ ಎನ್ನುತ್ತಿದ್ದ ಬಾಯಿ ಅದು. ಅವಳು ಫ್ಯೂಸನ್ನು ಚಾಚಿದಳು.

"ತಪ್ಪು ನಂದು... ನಾನೇ ಅಂಟ್ಸಿ ಮರ್ತಿದ್ದೆ."

"ಗೊತ್ತು. ಅವತ್ತು ಎಲ್ರೂ ಊಟಕ್ಕೆ ಹೋದಾಗ ಬಿಚ್ಚಿ ನೋಡ್ದೆ. ಹಂಗೇ ಮುಚ್ಚಿ ಬಂದೆ."

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ಬಲ್ಬು ಹತ್ತಿರೋದು, ಅಷ್ಟೇ. ಒಂದೊಂದು ವೈರನ್ನೂ ಮೀಟರ್ ಇಟ್ಟು ನೋಡೋಳು ನೀನು. ನನ್ನ ಮಾತ್ರ ಒಂದ್ ಮಾತೂ ಕೇಳ್ಲಿಲ್ಲ."

ಅವಳು ಅತ್ತಳು. ಅವನು ಕಣ್ಣೊರೆಸಲು ಬರಲಿಲ್ಲ.

"ಇವತ್ತಿಗೂ ನೀನಂದ್ರೆ ಪ್ರಾಣ, ದುರುಗೇಶ್. ನಮ್ಮನೇಗೆ ಇನ್ನು ಬರೋದೇ ಇಲ್ವಾ?"

"ಗೊತ್ತಿಲ್ಲ, ಹೇಮಾ. ಇನ್ನೂ ನೋಯ್ತೈತೆ."

ಹೇಮಾ ಎಂದಿದ್ದ! ಆದರೆ ಎಷ್ಟು ದಣಿದ ದನಿ...

"ಅವತ್ತು ಕೇಳ್ಬೇಕಿತ್ತು, ಈಗ ಕೇಳ್ತೀನಿ. ನಾನು ಹಂಗಂದಾಗ ನಿಂಗೆ ಏನನ್ನಿಸ್ತು?"

ಅವನು ಸ್ಪ್ಯಾನರ್ ಕೆಳಗಿಟ್ಟು, ಪ್ಯಾನೆಲ್ಲಿನ ನೆರಳಲ್ಲಿ ಅವಳಿಗೆ ಜಾಗ ಮಾಡಿದ.

"ಕುಂತ್ಕ. ಬೇಗ ಹೇಳಿ ಮುಗಿಯೋದಲ್ಲ ಅದು."

"ಮುಗಿಯೋತನಕ ಕೇಳ್ತೀನಿ."