ಒಣಗದ ಹಾಳೆ

ಐರಿಸ್ ಕುಟುಂಬದ ಆ ನೀಲಿ ಹೂವಿಗಾಗಿ ಹನ್ನೊಂದು ವರ್ಷ ಗುಡ್ಡಗಳನ್ನು ಅಲೆದು, ಕೊನೆಗೂ ಕಂಡವನು ನಾನು. ಮಧ್ಯಾಹ್ನ ನಾಲ್ಕಕ್ಕೆ ಅರಳಿ ಆರಕ್ಕೆ ಮುದುಡುವ ಹೂವು. ಹತ್ತು ಗಿಡ ಕಾಣದೆ ಒಂದನ್ನೂ ಕೀಳಬಾರದೆಂಬುದು ಸಸ್ಯ ಸಂಗ್ರಹಿಸುವ ನಮ್ಮ ವೃತ್ತಿಯ ನೇಮ. ಅಲ್ಲಿದ್ದುದು ಒಂದೇ ಗಿಡ, ಒಂದೇ ಹೂವು. ಹೆಸರಿನ ಆಸೆಗೆ ಬಿದ್ದು ಗೆಡ್ಡೆಸಮೇತ ಕಿತ್ತೆ. ಮತ್ತೆ ಚಿಗುರದಂತೆ ಗೆಡ್ಡೆಯನ್ನು ಕುದಿನೀರಿನಲ್ಲಿ ಅದ್ದಿ ಕೊಂದು, ಹಾಳೆಗಳ ನಡುವೆ ಒತ್ತಿ ಒಣಗಿಸಿದೆ. ಆಮೇಲೆ ಮೂವತ್ತು ವರ್ಷ ಹುಡುಕಿದರೂ ಇನ್ನೊಂದು ಸಿಗಲಿಲ್ಲ.

ಅದು ಹೂ ಬಿಡುವ ತಿಂಗಳು ಬಂದಾಗಲೆಲ್ಲ ಬೀರುವಿನಲ್ಲಿಟ್ಟ ಆ ಹಾಳೆ ತೇವವಾಗುತ್ತದೆ. ಬೂಷ್ಟು ಹಿಡಿದರೆ ಭೂಮಿಯ ಮೇಲೆ ಅದರ ಗುರುತೇ ಉಳಿಯದು. ಹಾಗಾಗಿ ದಿನವೂ ಮೇಲಿನ ಹೀರುಕಾಗದ ಬದಲಿಸುತ್ತೇನೆ. ನಾಲ್ಕು ಹೊಡೆಯುತ್ತಲೇ ಹೊಸ ಕಾಗದವೂ ಒದ್ದೆ, ಮುಟ್ಟಿದರೆ ಜೀವವಿರುವ ಮೈಯಂತೆ ಬಿಸಿ. ಬೀರುವಿನ ತುಂಬ ಹಸಿಮಣ್ಣಿನ ವಾಸನೆ.

ನಿನ್ನೆ ಕಣ್ಣು ಮಂಜಾಗಿ ಕೆಲಸ ಸಾಗಲಿಲ್ಲ. ಮೊಮ್ಮಗಳನ್ನು ಕರೆದು ಎಲ್ಲ ಹೇಳಿದೆ.

"ಅಯ್ಯೋ ತಾತ, ಒಣಗಿ ಕಡ್ಡಿಯಾಗಿರೋದು ನೀವು! ಗಿಡದ್ದೇನು ಚಿಂತೆ?"

"ತಮಾಷೆ ಸಾಕಮ್ಮ. ಅದೊಂದು ಉಳಿದರೆ ಸಾಕು ನನಗೆ."

ನಗುತ್ತ ಕಾಗದ ಸರಿಸಿದವಳ ನಗು ನಿಂತಿತು. ಅವಳ ಬೆರಳು ಒಂದು ಹೂವಿನಿಂದ ಇನ್ನೊಂದಕ್ಕೆ ಸರಿಯಿತು.

"ತಾತ, ಇನ್ನೊಂದ್ಸಲ ಮೊದಲಿಂದ ಹೇಳಿ. ಎಷ್ಟು ಹೂವಿತ್ತು ಅಂದ್ರಿ?"