ಸತ್ತ ರಾಜಕುಮಾರ ಎದ್ದು ಕೂತ

“ಏಯ್, ಸತ್ತವನು ಮೂಗು ಕೆರ್ಕೊಳ್ಳಲ್ಲ!” ನಿಶ್ಮಿತಾ ಕಿರುಚಿದಳು.

“ಇಚ್ ಆದ್ರೆ ಏನ್ ಮಾಡ್ಲಿ?” ನೆಲದ ಮೇಲೆ ಬಿದ್ದಿದ್ದ ತಮ್ಮ ಜೋಯಲ್ ಕೇಳಿದ. ಅವನಿಗಿನ್ನೂ ಆರು ವರ್ಷ, ಪಾಪ.

ಅಮೆರಿಕದ ಹೇವರ್ಡ್ ಊರಿನ ಚರ್ಚ್ ಹಾಲಿನಲ್ಲಿ ಸಂಡೇ ಸ್ಕೂಲ್ ನಾಟಕದ ರಿಹರ್ಸಲ್. ಬಲು ಹಳೆಯ ದುಃಖದ ಕತೆ. ಸಿಟ್ಟಿನ ರಾಜ ಮಗನನ್ನು ಹೊರಗೆ ಹಾಕುತ್ತಾನೆ. ಮಗ ಬಂದು ಸಾರಿ ಕೇಳಿದರೂ ಬಾಗಿಲು ತೆಗೆಯುವುದಿಲ್ಲ. ಮಗ ಸತ್ತೇ ಹೋಗುತ್ತಾನೆ. ನಿಶ್ಮಿತಾ ರಾಜ, ಜೋಯಲ್ ರಾಜಕುಮಾರ.

“ಆಂಟಿ, ಇಷ್ಟು ಸ್ಯಾಡ್ ಎಂಡಿಂಗಾ? ಅದೂ ಚರ್ಚಲ್ಲಿ?” ನಿಶ್ಮಿತಾ ಕೇಳಿದಳು.

ಟೀಚರ್ ಸ್ನೇಹಲತಾ ಆಂಟಿ ನಕ್ಕರು. “ಹಳೇ ನಾಟಕದಲ್ಲಿ ರಾಜ ‘ಎಲ್ಲ ನನ್ನ ಹಣೆಬರಹ’ ಅಂತ ಅಳ್ತಾನೆ, ಅಷ್ಟೆ. ನಮ್ಮ ರಾಜ ಮೊಣಕಾಲೂರಿ, ‘ದೇವರೇ, ತಪ್ಪು ನಂದು. ಕ್ಷಮಿಸು, ಆಮೆನ್’ ಅಂತಾನೆ. ನಾವು ಸೇರಿಸಿದ್ದು ಅದೊಂದೇ ಲೈನು. ಮನಸ್ಸಿಟ್ಟು ಹೇಳು ಮಾರಾಯ್ತಿ!”

ಆ ಲೈನೇ ನಿಶ್ಮಿತಾಗೆ ಸರಿಯಾಗಿ ಬರುತ್ತಿರಲಿಲ್ಲ. ತಮ್ಮನ ಮೇಲೆ ಅವಳಿಗೆ ಅಷ್ಟು ಸಿಟ್ಟು! ಹೋದ ವಾರ ಅವನು ಅವಳ ಹೊಸ ಕಿರೀಟದ ಮೇಲೆ ಕೂತುಬಿಟ್ಟಿದ್ದ. ಕಿರೀಟ ಅಪ್ಪಚ್ಚಿ.

ಅವರ ಮನೆಯಲ್ಲಿ ರಾತ್ರಿ ಪ್ರಾರ್ಥನೆ ಮುಗಿದು ‘ಆಮೆನ್’ ಅಂದ ಕೂಡಲೇ ಚಿಕ್ಕವರು ದೊಡ್ಡವರಿಗೆ ಕೈಮುಗಿದು ‘ಬೆಸಾಂವ್’ ಕೇಳಬೇಕು. ದೊಡ್ಡವರು ತಲೆ ಮುಟ್ಟಿ ಹರಸುತ್ತಾರೆ. ಜೋಯಲ್ ಅಕ್ಕನನ್ನೂ ಬಿಡದೆ ಕೇಳುತ್ತಿದ್ದ. ಕಿರೀಟ ಹೋದಂದಿನಿಂದ ಅಕ್ಕ ಮುಖ ತಿರುಗಿಸಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನಾಟಕದ ದಿನ ಹಾಲ್ ಫುಲ್. ಟೇಪ್ ಸುತ್ತಿದ ಕಿರೀಟ ಹಾಕಿಕೊಂಡ ರಾಜ ಮೊಣಕಾಲೂರಿದ.

“ದೇವರೇ, ತಪ್ಪು ನಂದು. ಕ್ಷಮಿಸು, ಆಮೆನ್.”

ಅಷ್ಟೇ! ಸತ್ತಿದ್ದ ರಾಜಕುಮಾರ ಥಟ್ಟನೆ ಎದ್ದು ಕೂತು ಕೈಮುಗಿದ.

“ಅಕ್ಕಾ, ಬೆಸಾಂವ್!”

ಹಾಲಿಗೆ ಹಾಲೇ ಗೊಳ್ಳೆಂದು ನಕ್ಕಿತು. ಅಯ್ಯೋ, ನಾಟಕವೆಲ್ಲ ಹಾಳಾಯಿತಲ್ಲ! ನಿಶ್ಮಿತಾಗೆ ಅಳುವೇ ಬಂತು.

“ಮಲ್ಕೊಳ್ಳೋ!” ಅವಳು ಪಿಸುಗುಟ್ಟಿದಳು.

ಜೋಯಲ್ ಮುಗಿದ ಕೈ ಇಳಿಸಲಿಲ್ಲ. “ಇವತ್ತಾದ್ರೂ ಕೊಡ್ತೀಯಾ?” ಎಂದು ಮೆಲ್ಲಗೆ ಕೇಳಿದ.

ನಿಶ್ಮಿತಾಗೆ ನಾಟಕದ ಬಾಗಿಲು ನೆನಪಾಯಿತು. ಆಮೇಲೆ ತನ್ನ ರೂಮಿನ ಬಾಗಿಲು. ಅವಳು ತಮ್ಮನ ತಲೆಯ ಮೇಲೆ ಕೈಯಿಟ್ಟಳು. ಸ್ನೇಹಲತಾ ಆಂಟಿ ಕಣ್ಣೊರೆಸಿಕೊಂಡರು.

“ಆಯ್ತಲ್ಲ? ಈಗ ಸಾಯಿ,” ಎಂದಳು ಅಕ್ಕ.

ಜೋಯಲ್ ನಗುನಗುತ್ತಲೇ ಸತ್ತ. ಸತ್ತ ಮೇಲೆ ಮೂಗನ್ನೂ ಕೆರೆದುಕೊಂಡ. ನಿಶ್ಮಿತಾ ನೋಡಿದಳು, ಈ ಸಲ ಏನೂ ಅನ್ನಲಿಲ್ಲ.